ಗಾಣದವನ ಕುರಿಗಳು

“ಅಜ್ಜಾರ, ಹಣವನ್ನು ಮೂರು ಕಡೆ ಹಂಚಿ ಇಟ್ಟರೆ ಅಪಾಯವೂ ಮೂರು ಪಾಲಾಗಿ ಹಗುರಾಗುತ್ತದೆ ಎನ್ನುತ್ತಾರೆ. ನಿಜವೇ?”

ಕೇಳಿದವನು ಗದಿಗೆಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಕೇಳಿಸಿಕೊಂಡವರು ಮಠದ ಹಿರಿಯ ಗುರುಗಳು. ಊರವರು ಅವರನ್ನು ಅಜ್ಜನವರು ಎನ್ನುತ್ತಿದ್ದರು. ಮಾತು ಕಡಿಮೆ. ಎದುರಿಗಿದ್ದವನ ಮುಖಕ್ಕಿಂತ ಅವನ ಕೈಯನ್ನು ನೋಡುವುದು ಅವರ ಅಭ್ಯಾಸ. ಅಂದು ಗದಿಗೆಯ್ಯನ ಕೈ ಹೆಗಲಿಗೆ ಹಾಕಿದ್ದ ಚೀಲವನ್ನು ಒತ್ತಿ ಹಿಡಿದಿತ್ತು.

“ಯಾರ ಹಣ?” ಎಂದರು.

ಗದಿಗೆಯ್ಯ ಹೇಳಿದ. ಹಣ ಅವನದಲ್ಲ, ತಂಗಿ ನೀಲವ್ವನದು. ಅವಳ ಗಂಡ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಲಾರಿ ಉರುಳಿ ಸತ್ತಿದ್ದ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ ಪರಿಹಾರ ಬಂದಿತ್ತು. ಅವಳಿಗೆ ಇಬ್ಬರು ಸಣ್ಣ ಹೆಣ್ಣುಮಕ್ಕಳು. ಬೇರೆ ಆದಾಯವಿಲ್ಲ. ಅವರ ಅನ್ನಕ್ಕೂ ಶಾಲೆಗೂ ಇರುವುದು ಅದೊಂದೇ. ಅಣ್ಣ ತಿಳಿದವನು, ಎಲ್ಲಿಡಬೇಕೋ ಅಲ್ಲಿಡಲಿ ಎಂದು ಅವಳು ಅದನ್ನು ಅವನ ಕೈಗೆ ಕೊಟ್ಟಿದ್ದಳು.

ಗದಿಗೆಯ್ಯ ಸುಮ್ಮನೆ ಇಟ್ಟುಬಿಡುವ ಮನುಷ್ಯನಲ್ಲ. ತಾಲೂಕಿನಲ್ಲಿ ಹೂಡಿಕೆಯ ಬಗ್ಗೆ ಶಿಬಿರ ನಡೆದಾಗ ಹೋಗಿ ಕುಳಿತಿದ್ದ. ಅಸಲು, ಬಡ್ಡಿ, ಚಕ್ರಬಡ್ಡಿ, ಷೇರು, ಹಣದುಬ್ಬರ, ಅಪಾಯ, ಹಂಚಿಕೆ, ಎಲ್ಲದರ ಅರ್ಥವನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಎಲ್ಲವನ್ನೂ ಒಂದೇ ಕಡೆ ಇಡಬಾರದು ಎಂದು ಅಲ್ಲಿ ಹೇಳಿದ್ದರು. ಅದರಂತೆ ಮೂರು ಕಡೆ ಗೊತ್ತುಮಾಡಿದ್ದ. ಒಂದು, ಪೇಟೆಯ ಸಹಕಾರಿ ಸಂಘ. ಇನ್ನೊಂದು, ರೈತರ ಹತ್ತಿಯನ್ನು ಕಮಿಷನ್ ಮೇಲೆ ಮಾರಿಕೊಡುತ್ತ ಠೇವಣಿಯನ್ನೂ ತೆಗೆದುಕೊಳ್ಳುವ ಅಡತಿ ಅಂಗಡಿ. ಮತ್ತೊಂದು, ನಿವೃತ್ತ ಮೇಷ್ಟರೊಬ್ಬರು ನಡೆಸುವ ಫೈನಾನ್ಸು. ಮೂವರೂ ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುತ್ತಾರೆ. ಹೇಗೆ ಕೊಡುತ್ತೀರಿ ಎಂದು ಕೇಳಿಯೂ ಇದ್ದ. ಊರಾಚೆ ಹತ್ತಿಯ ಬೀಜ ಬಿಡಿಸುವ ಹೊಸ ಜಿನ್ನಿಂಗ್ ಮಿಲ್ಲು ಎದ್ದಿದೆಯಲ್ಲ, ಅದಕ್ಕೆ ಸಾಲ ಕೊಡುತ್ತೇವೆ, ಅದಕ್ಕಿಂತ ಗಟ್ಟಿ ಗಿರಾಕಿ ಈ ಕಡೆ ಇನ್ನಾರಿದ್ದಾರೆ ಎಂದು ಮೂವರೂ ಹೇಳಿದ್ದರು. ಇದನ್ನೂ ಗದಿಗೆಯ್ಯ ಅಜ್ಜನವರಿಗೆ ಸಮಾಧಾನದಿಂದಲೇ ಹೇಳಿದ.

“ಕೊಟ್ಟಾಯಿತೇ?”

“ಎರಡು ಪಾಲು ಕೊಟ್ಟೆನ್ರಿ. ಮೂರನೆಯದು ಚೀಲದಲ್ಲಿದೆ. ಸಂಜೆಗೆ ಮೇಷ್ಟರು ಬಾ ಎಂದಿದ್ದಾರೆ.”

“ಸಂಜೆಗೆ ಇನ್ನೂ ಹೊತ್ತಿದೆ. ಕೂತುಕೋ.”

ಗದಿಗೆಯ್ಯ ಕುಳಿತ. ಅಜ್ಜನವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗಾಣದವನಿದ್ದ. ಕುಸುಬೆ, ಎಳ್ಳು ಹಾಕಿ ಎಣ್ಣೆ ತೆಗೆಯುತ್ತಿದ್ದ. ಹೆಂಡತಿ ಸತ್ತಿದ್ದಳು. ಒಬ್ಬನೇ ಮಗ. ಮಗನಿಗೆ ಮೈ ಬೆಳೆದಿತ್ತು, ಬುದ್ಧಿ ಬೆಳೆದಿರಲಿಲ್ಲ. ಉಣ್ಣು ಎಂದರೆ ಉಣ್ಣುತ್ತಿದ್ದ. ಹೇಳದಿದ್ದರೆ ಹಸಿದುಕೊಂಡೇ ಇರುತ್ತಿದ್ದ.

ಒಂದು ದಿನ ಗಾಣದವನ ಬಲಗೈ ಗಾಣಕ್ಕೆ ಸಿಕ್ಕಿ ಜಜ್ಜಿಹೋಯಿತು. ಗಾಯ ಮಾಯಿತು, ಬೆರಳು ಮಡಚಲು ಬರಲಿಲ್ಲ. ಒಂದು ಕೈಯಲ್ಲಿ ಗಾಣ ನಡೆಯುವುದಿಲ್ಲ. ಗಾಣವನ್ನೂ ಎತ್ತನ್ನೂ ಮಾರಿದ. ಕೈಗೆ ಹಣ ಬಂತು.

ನಾನಿರುವವರೆಗೆ ಹೇಗೋ ಇವನ ಹೊಟ್ಟೆ ತುಂಬಿಸುತ್ತೇನೆ, ನಾನು ಹೋದ ಮೇಲೆ ಯಾರು ಎಂಬುದೊಂದೇ ಅವನ ಚಿಂತೆ. ಅಣ್ಣ ತಮ್ಮಂದಿರಿರಲಿಲ್ಲ. ಈ ಹಣವೇ ನನ್ನ ಬದಲು ದುಡಿಯಬೇಕು ಎಂದುಕೊಂಡ.

ದುಡಿಸುವುದು ಹೇಗೆಂದು ತಿಳಿಯಲಿಲ್ಲ. ಹೆದರಿಕೆಯೂ ಇತ್ತು. ಗಡಿಗೆಯಲ್ಲಿ ಹಾಕಿ ಗೋಡೆಯ ಗೂಡಿನಲ್ಲಿಟ್ಟು ಮಣ್ಣು ಮೆತ್ತಿದ. ಕೂಲಿಗೆ ಹೋಗಿ ಒಂದು ಕೈಯಲ್ಲಿ ಆಗುವ ಕೆಲಸ ಮಾಡಿದ. ಕೆಲವು ವರ್ಷ ಕಳೆದವು. ಕೊನೆಗೆ ಮಣ್ಣು ಒಡೆದು ಎಣಿಸಿದ. ಇಟ್ಟಷ್ಟೂ ಇತ್ತು. ಒಂದು ರೂಪಾಯಿಯೂ ಹೋಗಿರಲಿಲ್ಲ. ಸಂತೆಗೆ ಹೋದ. ಗಾಣ ಮಾರಿದ ವರ್ಷ ಆ ಹಣಕ್ಕೆ ಇಪ್ಪತ್ತು ಕುರಿ ಬರುತ್ತಿದ್ದವು. ಈಗ ಹನ್ನೆರಡು ಎಂದರು. ಅವನು ಮತ್ತೊಮ್ಮೆ ಕೇಳಿದ. ಹನ್ನೆರಡೇ ಎಂದರು. ಕಳ್ಳ ಬಂದಿರಲಿಲ್ಲ, ಗೋಡೆ ಬಿದ್ದಿರಲಿಲ್ಲ, ಎಂಟು ಕುರಿ ಹೋಗಿದ್ದವು.

ಇಲ್ಲಿ ಗದಿಗೆಯ್ಯ ಬಾಯಿ ಹಾಕಿದ. ಅದಕ್ಕೇ ಹಣದುಬ್ಬರ ಎನ್ನುತ್ತಾರೆ, ಹಣದ ಎಣಿಕೆ ಕಡಿಮೆಯಾಗುವುದಿಲ್ಲ, ಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ ಎಂದ.

“ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಕುರಿ ಹೋದದ್ದು ಗೊತ್ತಾಯಿತು” ಎಂದು ಅಜ್ಜನವರು ಮುಂದುವರಿಸಿದರು.

ಗಾಣದವನು ಮೊದಲು ಒಬ್ಬ ಬಟ್ಟೆ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಅವನನ್ನು ಗಾದಿಯ ಮೇಲೆ ಕೂರಿಸಿದ. ನಿನ್ನ ಹಣ ನನಗೆ ಕೊಡು, ಅದು ಅಸಲು, ಅದು ನಿನ್ನದೇ, ಕೇಳಿದಾಗ ತಿರುಗಿ ಕೊಡುತ್ತೇನೆ ಎಂದ. ಅಲ್ಲಿಯವರೆಗೆ ಅದನ್ನು ಬಳಸಿದ್ದಕ್ಕೆ ತಿಂಗಳು ತಿಂಗಳು ಇಷ್ಟು ಕೊಡುತ್ತೇನೆ, ಅದು ಬಡ್ಡಿ ಎಂದ. ನನಗೆ ಲಾಭವಾದರೂ ಅಷ್ಟೇ, ನಷ್ಟವಾದರೂ ಅಷ್ಟೇ, ಹೆಚ್ಚು ಕೇಳಬೇಡ, ಕಡಿಮೆ ಕೊಡುವುದಿಲ್ಲ ಎಂದ.

ಗಾಣದವನಿಗೆ ಮಾತು ಹಿಡಿಸಿತು. ಅಂಗಡಿ ಮುಳುಗಿದರೆ ಏನು ಮಾಡುತ್ತೀರಿ ಎಂದು ಕೇಳಿದ. ವ್ಯಾಪಾರಿ ನಕ್ಕ. ಗುಮಾಸ್ತರೂ ನಕ್ಕರು. ಅವರ ನಗು ಮುಗಿದ ಮೇಲೂ ಅವನು ಉತ್ತರಕ್ಕಾಗಿ ಕಾದ. ಉತ್ತರ ಬರಲಿಲ್ಲ. ಎದ್ದು ಬಂದ.

ಆಮೇಲೆ ಒಬ್ಬ ಕುರಿಗಾರನ ಹತ್ತಿರ ಹೋದ. ಆ ಸೀಮೆಯಲ್ಲಿ ಕುರಿಯನ್ನು ಪಾಲಿಗೆ ಬಿಡುವ ರೂಢಿಯಿತ್ತು. ಕುರಿಗಾರ ಅವನನ್ನು ಗಾದಿಯ ಮೇಲೆ ಕೂರಿಸಲಿಲ್ಲ, ಕಂಬಳಿಯನ್ನೂ ಹಾಸಲಿಲ್ಲ. ನಿಂತೇ ಹೇಳಿದ.

“ಕುರಿ ನಿನ್ನದು ಅಣ್ಣ. ಮೇಯಿಸುವವನು ನಾನು. ಮರಿ ಹಾಕಿದರೆ ಅರ್ಧ ನಿನಗೆ, ಅರ್ಧ ನನಗೆ. ಉಣ್ಣೆ ನನ್ನದು. ಮರಿ ಹಾಕದಿದ್ದರೆ ನಿನಗೂ ಇಲ್ಲ, ನನಗೂ ಇಲ್ಲ. ಸತ್ತರೆ ಕಿವಿ ತಂದು ಕೊಡುತ್ತೇನೆ. ಕಿವಿ ಬಂತೆಂದರೆ ಆ ಕುರಿಯ ಮಾತು ಮುಗಿಯಿತು. ಮತ್ತೆ ಜಗಳ ತೆಗೆಯಬಾರದು.”

ಒಡೆಯನ ಗುರುತಿಗೆ ಕುರಿಯ ಕಿವಿಯನ್ನು ಒಂದು ಕಡೆ ಕತ್ತರಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಬಗೆಯ ಕಚ್ಚು. ಕುರಿ ಸತ್ತರೆ ಕಚ್ಚು ಇರುವ ಕಿವಿಯನ್ನು ತಂದು ಒಡೆಯನ ಮುಂದೆ ಇಡಬೇಕು. ಮಾರಿಕೊಂಡು ಸತ್ತಿತೆಂದು ಸುಳ್ಳು ಹೇಳಬಾರದಲ್ಲ, ಅದಕ್ಕೆ.

ಗಾಣದವನು ಯೋಚಿಸಿದ. ವ್ಯಾಪಾರಿ ಬಂದೇ ಬರುತ್ತದೆ ಎನ್ನುತ್ತಾನೆ. ಕುರಿಗಾರ ಬಂದರೆ ಬರುತ್ತದೆ ಎನ್ನುತ್ತಾನೆ. ವ್ಯಾಪಾರಿ ಮುಳುಗುವ ಮಾತು ಎತ್ತಿದರೆ ನಗುತ್ತಾನೆ. ಕುರಿಗಾರ ಸಾವಿನ ಮಾತನ್ನು ತಾನೇ ಮೊದಲು ಎತ್ತಿದ. ಗಾಣದವನಿಗೆ ಕುರಿಗಾರನ ಮೇಲೆ ನಂಬಿಕೆ ಬಂತು. ಹನ್ನೆರಡು ಕುರಿ ಕೊಂಡು ಕಿವಿಗೆ ಕಚ್ಚು ಹಾಕಿಸಿ ಅವನ ಹಿಂಡಿಗೆ ಬಿಟ್ಟ.

ಊರವರು ಆಡಿಕೊಂಡರು. ಎಣ್ಣೆ ಬಿಟ್ಟು ಉಣ್ಣೆ ಹಿಡಿದ, ಅದೂ ಅವನಿಗೆ ಸಿಗುವುದಿಲ್ಲ ಎಂದರು.

ಮೊದಲ ವರ್ಷ ಅವನ ಪಾಲಿಗೆ ಐದು ಮರಿ ಬಂದವು. ಮರಿ ಮಾರಿ ಹಬ್ಬ ಮಾಡು, ಮಗನಿಗೆ ಹೊಸ ಅಂಗಿ ಹೊಲಿಸು ಎಂದು ನೆರೆಯವರು ಹೇಳಿದರು. ಅವನು ಮಾರಲಿಲ್ಲ. ಟಗರುಮರಿ ಕೊಟ್ಟು ಹೆಣ್ಣುಮರಿ ತಂದ. ಅವನ್ನೂ ಹಿಂಡಿಗೇ ಬಿಟ್ಟ. ಎರಡು ವರ್ಷ ಕಳೆದ ಮೇಲೆ ಮರಿಗಳೂ ಮರಿ ಹಾಕಿದವು. ಅವನು ಕೂಲಿಯ ಜೋಳದಲ್ಲಿ ಬದುಕಿದ. ಮಗ ಹಳೆಯ ಅಂಗಿಯಲ್ಲೇ ಇದ್ದ. ಹಿಂಡು ಬೆಳೆಯಿತು. ಮೊದಮೊದಲು ಬೆಳೆದದ್ದು ಕಣ್ಣಿಗೆ ಕಾಣಲಿಲ್ಲ. ಆಮೇಲೆ ನೋಡುವವರಿಗೆ ಹೊಟ್ಟೆ ಉರಿಯುವಷ್ಟು ಬೆಳೆಯಿತು.

“ಚಕ್ರಬಡ್ಡಿ” ಎಂದ ಗದಿಗೆಯ್ಯ.

“ಹೌದು. ತಿನ್ನದಿದ್ದವನಿಗೆ ಬೆಳೆಯುತ್ತದೆ.”

ಗದಿಗೆಯ್ಯ ಮುಂದೆ ಹೇಳಿ ಎನ್ನುವಂತೆ ನೋಡಿದ.

ಕುರಿಗಳು ವರ್ಷದ ಹೆಚ್ಚು ಕಾಲ ಊರಲ್ಲಿರುವುದಿಲ್ಲ. ಹಿಂಗಾರು ಮುಗಿದ ಮೇಲೆ ಹಿಂಡು ಮೇವು ಹುಡುಕಿಕೊಂಡು ಹೊರಡುತ್ತದೆ. ಮುಂಗಾರಿಗೆ ತಿರುಗಿ ಬರುತ್ತದೆ. ಒಂದು ಬೇಸಿಗೆಯಲ್ಲಿ ಗಾಣದವನ ಮಗನಿಗೆ ಜ್ವರ ಬಂತು. ಇಳಿಯಲಿಲ್ಲ. ಪೇಟೆಯ ವೈದ್ಯರಿಗೆ ತೋರಿಸಲು ಹಣ ಬೇಕಿತ್ತು. ಅವನ ಹೆಸರಿನಲ್ಲಿ ಮೂವತ್ತು ಕುರಿಗಳಿದ್ದವು. ಒಂದೂ ಕೈಗೆ ಸಿಗುವಂತಿರಲಿಲ್ಲ. ಎಲ್ಲಿವೆ ಎಂಬುದೂ ಗೊತ್ತಿರಲಿಲ್ಲ. ಮನೆಯಲ್ಲಿದ್ದ ತಾಮ್ರದ ಹಂಡೆಯನ್ನು ಹೊತ್ತುಕೊಂಡು ಹೋಗಿ ಮಾರಿದ. ಕೊಂಡವನಿಗೆ ಇವನ ಅವಸರ ಗೊತ್ತಾಯಿತು, ಅರ್ಧ ಬೆಲೆ ಕೊಟ್ಟ. ಮಗ ಉಳಿದ. ಮೂವತ್ತು ಕುರಿಯ ಒಡೆಯ ಆ ವರ್ಷ ತಣ್ಣೀರು ಮಿಂದ.

ಆಸ್ತಿ ಇರುವುದು ಬೇರೆ, ಬೇಕಾದಾಗ ಅದು ಹಣವಾಗುವುದು ಬೇರೆ ಎಂದು ಅವನಿಗೆ ಅಂದು ತಿಳಿಯಿತು. ಇನ್ನೊಂದು ಹೆದರಿಕೆಯೂ ಹುಟ್ಟಿತು. ಎಲ್ಲ ಕುರಿಗಳೂ ಒಬ್ಬನೇ ಮನುಷ್ಯನ ಕೈಯಲ್ಲಿವೆ. ಅವನಿಗೆ ಏನಾದರೂ ಆದರೆ? ದಾರಿಯಲ್ಲಿ ತೋಳ ಬಿದ್ದರೆ? ಅವನೇ ಮೋಸ ಮಾಡಿದರೆ?

ಮುಂಗಾರಿಗೆ ಕುರಿಗಾರ ಬಂದಾಗ ಸಂಕೋಚದಿಂದಲೇ ಹೇಳಿದ. ಕುರಿಗಾರ ಬೇಸರ ಮಾಡಿಕೊಳ್ಳಲಿಲ್ಲ. ಹಾಗೆ ಮಾಡುವುದೇ ಸರಿ, ನನ್ನ ಹತ್ತಿರ ಒಂದು ಪಾಲು ಬಿಡು, ಉಳಿದದ್ದನ್ನು ಬೇರೆಯವರಿಗೆ ಕೊಡು ಎಂದ. ಇಬ್ಬರ ಹೆಸರನ್ನೂ ಅವನೇ ಹೇಳಿದ.

ಹೀಗೆ ಕುರಿಗಳು ಮೂರು ಪಾಲಾದವು. ಮೊದಲನೆಯವನು ಹಿಂಡನ್ನು ಪಡುವಣಕ್ಕೆ ಹೊಡೆಯುತ್ತಿದ್ದ. ಎರಡನೆಯವನು ಮೂಡಣಕ್ಕೆ. ಮೂರನೆಯವನು ಮುದುಕ, ದೂರ ಹೋಗುತ್ತಿರಲಿಲ್ಲ, ಊರ ಕೆರೆಯ ಸುತ್ತಲೇ ಮೇಯಿಸುತ್ತಿದ್ದ. ಅವಸರಕ್ಕೆ ಬೇಕಾದರೆ ಅವನ ಹಿಂಡಿನಿಂದ ಒಂದನ್ನು ಹಿಡಿದು ಮಾರಬಹುದು. ಪಡುವಣದಲ್ಲಿ ಮೇವಿಲ್ಲದಿದ್ದರೆ ಮೂಡಣದಲ್ಲಿ ಇರುತ್ತದೆ. ಎರಡೂ ಕಡೆ ಇಲ್ಲದಿದ್ದರೆ ಕೆರೆಯಂಗಳ ಇದ್ದೇ ಇದೆ. ಒಬ್ಬ ಮೋಸಮಾಡಿದರೆ ಇಬ್ಬರು ಉಳಿಯುತ್ತಾರೆ.

ಗಾಣದವನಿಗೆ ಬಹಳ ವರ್ಷಗಳ ಮೇಲೆ ನಿದ್ದೆ ಬಂತು.

ಗದಿಗೆಯ್ಯ ತಲೆಯಾಡಿಸಿದ. ಶಿಬಿರದಲ್ಲಿ ಹೇಳಿದ್ದೂ ಇದನ್ನೇ ಎಂದ. ಅಜ್ಜನವರು ಕತೆ ಮುಂದುವರಿಸಿದರು.

ಮತ್ತೆ ಕೆಲವು ವರ್ಷಗಳು ಹೋದವು. ಕುರಿಗಳು ಅರವತ್ತು ದಾಟಿದವು. ನಡುವೆ ಕಿವಿಗಳು ಬರುತ್ತಿದ್ದವು. ಒಂದು ವರ್ಷ ಪಡುವಣದವನು ನಾಲ್ಕು ಕಿವಿ ತಂದ, ತೋಳ ಬಿದ್ದಿತ್ತು. ಇನ್ನೊಂದು ವರ್ಷ ಮೂಡಣದವನು ಮೂರು ತಂದ, ವಿಷದ ಸೊಪ್ಪು ತಿಂದಿದ್ದವು. ಪ್ರತಿಸಲವೂ ಉಳಿದ ಎರಡು ಹಿಂಡುಗಳ ಮರಿ ಆ ನಷ್ಟವನ್ನು ತುಂಬಿದವು. ಗಾಣದವನು ಕಿವಿ ತೆಗೆದುಕೊಂಡು ಹಿತ್ತಲಲ್ಲಿ ಹೂಳುತ್ತಿದ್ದ. ಮರೆತುಬಿಡುತ್ತಿದ್ದ. ನಾನು ಹಂಚಿದ್ದು ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದ.

ಒಬ್ಬ ದಲ್ಲಾಳಿ ಬಂದ. ಸಂತೆಯಲ್ಲಿ ಬೆಲೆ ಏರಿದೆ, ಅರ್ಧ ಮಾರು, ಆ ಹಣಕ್ಕೆ ಊರ ಬದಿಯ ಎರಡು ಕೋಣೆ ಮನೆ ಸಿಗುತ್ತದೆ, ಬಾಡಿಗೆ ಬರುತ್ತದೆ ಎಂದ. ಮಾತು ಸುಳ್ಳಾಗಿರಲಿಲ್ಲ. ಗಾಣದವನು ಲೆಕ್ಕ ಹಾಕಿದ. ಆ ಮನೆಯ ಬಾಡಿಗೆಗಿಂತ ಅಷ್ಟು ಕುರಿಗಳ ಮರಿ ಹೆಚ್ಚು. ಮನೆ ಮರಿ ಹಾಕುತ್ತದೆಯೇ ಎಂದು ಕೇಳಿದ. ದಲ್ಲಾಳಿ, ಮನೆಗೆ ಬೇನೆಯೂ ಬರುವುದಿಲ್ಲ ಯಜಮಾನ ಎಂದ. ಇಬ್ಬರೂ ನಕ್ಕರು. ವ್ಯಾಪಾರ ಆಗಲಿಲ್ಲ.

ಅವನ ಮನೆಯ ಕಟ್ಟೆಯಿಂದ ಕೆರೆ ಕಾಣುತ್ತಿತ್ತು. ಕೆರೆಯ ಕೆಳಗೆ ಒಬ್ಬ ಸಾಹುಕಾರನ ಎರೆಹೊಲ. ಪ್ರತಿ ವರ್ಷ ಹಿಂಡುಗಳು ಹೊರಡುವ ಕಾಲಕ್ಕೆ ಕೆಲವು ದಿನ ಸಂಜೆ ಆ ಹೊಲದಲ್ಲಿ ಕುರಿಗಾರರ ಬೆಂಕಿ ಕಾಣುತ್ತಿತ್ತು. ತಂದೆ ಮಗ ಕಟ್ಟೆಯ ಮೇಲೆ ಕುಳಿತು ಅದನ್ನು ನೋಡುತ್ತಿದ್ದರು. ಮಗನಿಗೆ ಬೆಂಕಿ ಎಂದರೆ ಇಷ್ಟ.

ಒಂದು ವರ್ಷ ಹಿಂಗಾರು ಜೋರಾಯಿತು. ಸುರಿದ ಮಳೆ ನಿಲ್ಲಲಿಲ್ಲ. ಹೊಲಗಳಲ್ಲಿ ನೀರು ನಿಂತು ಸೊಳ್ಳೆ ನೊಣ ಎದ್ದವು. ಬೆಂಕಿ ಕಂಡ ವಾರದಲ್ಲಿ ಒಂದು ಬೆಳಿಗ್ಗೆ ಪಡುವಣದ ಕುರಿಗಾರ ಬಂದ. ಹೊರಡುವ ಗಡಿಬಿಡಿಯಲ್ಲಿರಬೇಕಾದವನು ಯಾಕೆ ಬಂದ ಎಂದು ಗಾಣದವನಿಗೆ ಅನಿಸಿತು. ಅವನು ಹೆಗಲಿನಿಂದ ಚೀಲ ಇಳಿಸಿ ಕಟ್ಟೆಯ ಮೇಲಿಟ್ಟ. ಬಾಯಿ ಬಿಚ್ಚಿದ. ಚೀಲದ ತುಂಬ ಕಿವಿಗಳಿದ್ದವು.

ನಾಲಿಗೆ ನೀಲಿಗಟ್ಟುವ ಬೇನೆ ಎಂದ. ಮೂತಿ ಊದಿಕೊಳ್ಳುತ್ತದೆ, ಮೇವು ಮುಟ್ಟುವುದಿಲ್ಲ, ಕಾಲು ಎತ್ತಿ ಇಡಲಾಗುವುದಿಲ್ಲ, ನಿಂತಲ್ಲೇ ಬೀಳುತ್ತವೆ ಎಂದ. ನನ್ನವೂ ಹೋದವು ಎಂದ. ಅವನ ಕಣ್ಣು ಕೆಂಪಾಗಿದ್ದವು.

ಗಾಣದವನು ಒಂದೊಂದೇ ಕಿವಿ ತೆಗೆದು ಕಚ್ಚು ನೋಡಿದ. ಎಲ್ಲವೂ ಅವನವೇ. ಆದರೂ ಕುರಿಗಾರನಿಗೆ ಅವನೇ ಸಮಾಧಾನ ಹೇಳಿದ. ನೀರು ಕೊಟ್ಟ. ಹೋಗಲಿ ತಮ್ಮಾ, ನನಗೆ ಇನ್ನೂ ಎರಡು ಹಿಂಡುಗಳಿವೆ, ಮೂರು ವರ್ಷದಲ್ಲಿ ತುಂಬಿಕೊಳ್ಳುತ್ತದೆ, ಆಗ ನಿನಗೂ ನಾಲ್ಕು ಕುರಿ ಬಿಡುತ್ತೇನೆ ಎಂದ.

ಕುರಿಗಾರ ನೀರು ಕುಡಿಯಲಿಲ್ಲ. ತಂಬಿಗೆ ಹಿಡಿದುಕೊಂಡು ನಿಂತ.

ಮಧ್ಯಾಹ್ನಕ್ಕೆ ಮೂಡಣದವನು ಬಂದ. ಅವನ ಹೆಗಲಲ್ಲೂ ಚೀಲವಿತ್ತು. ಗಾಣದವನು ಅದರ ಬಾಯಿ ಬಿಚ್ಚಲಿಲ್ಲ. ಇಲ್ಲೇ ಇಡು ಎಂದು ನೆಲ ತೋರಿಸಿದ. ಆಮೇಲೆ, ಕೆರೆಯ ಮುದುಕನ ಹತ್ತಿರ ಇಪ್ಪತ್ತಿವೆ, ಹನ್ನೆರಡರಿಂದ ಶುರುಮಾಡಿದವನು ನಾನು, ಇಪ್ಪತ್ತು ಸಾಕು ಎಂದ. ಯಾರಿಗೆ ಹೇಳಿದನೋ.

ಇಬ್ಬರು ಕುರಿಗಾರರೂ ನೆಲ ನೋಡುತ್ತಿದ್ದರು.

ಬಿಸಿಲು ಇಳಿಯುವಾಗ ಮುದುಕ ಬಂದ. ಅಂಗಳದ ಆಚೆಯೇ ನಿಂತ. ಚೀಲ ಹೆಗಲಲ್ಲಿತ್ತು. ಇಳಿಸಲಿಲ್ಲ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ.

ಗಾಣದವನು ಎದ್ದು ಅವನ ಹತ್ತಿರ ಹೋದ.

“ಇವನು ಪಡುವಣಕ್ಕೆ ಹೋಗುತ್ತಾನೆ. ಅವನು ಮೂಡಣಕ್ಕೆ. ನೀನು ಕೆರೆ ಬಿಟ್ಟು ಹೋಗುವವನೇ ಅಲ್ಲ. ಒಂದೇ ಬೇನೆ ಮೂವರ ಹಿಂಡಿಗೂ ಹೇಗೆ ಬಂತು?”

ಮುದುಕನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆಶ್ಚರ್ಯವಾಯಿತು.

“ಇವರು ಹೊರಡುವ ಮೊದಲು ಎಲ್ಲರೂ ಕುರಿಗಳನ್ನು ಸಾಹುಕಾರನ ಹೊಲದಲ್ಲಿ ಒಟ್ಟಿಗೇ ನಿಲ್ಲಿಸುತ್ತೇವಲ್ಲ ಅಣ್ಣ. ಹಿಂಡು ದೊಡ್ಡದಿದ್ದರೆ ಗೊಬ್ಬರ ಹೆಚ್ಚು, ಅವನು ಜೋಳ ಹೆಚ್ಚು ಕೊಡುತ್ತಾನೆ. ಬೇರೆ ಬೇರೆ ನಿಲ್ಲಿಸಿದರೆ ಏನೂ ಗಿಟ್ಟುವುದಿಲ್ಲ. ನಮ್ಮ ಅಪ್ಪನ ಕಾಲದಿಂದ ಹಾಗೇ ಇದೆ. ಬೆಂಕಿ ನಿನ್ನ ಮನೆಗೇ ಕಾಣುತ್ತದೆ. ನಿನಗೆ ಗೊತ್ತಿದೆ ಎಂದುಕೊಂಡಿದ್ದೆ. ನೀನು ಯಾವತ್ತೂ ಕೇಳಲಿಲ್ಲ.”

ಗಾಣದವನು ಕೆರೆಯ ಕಡೆ ತಿರುಗಿದ. ವರ್ಷ ವರ್ಷವೂ ಇದೇ ಕಟ್ಟೆಯ ಮೇಲೆ ಕುಳಿತು ನೋಡಿದ್ದ. ಒಂದು ಬೆಂಕಿ ನೋಡಿದ್ದ. ಮೂರು ಹಿಂಡಿಗೆ ಒಂದೇ ಬೆಂಕಿ ಯಾಕೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಮೂವರೂ ಅವನಿಗೆ ಮೋಸ ಮಾಡಿರಲಿಲ್ಲ. ಅವರ ಕುರಿಗಳೂ ಸತ್ತಿದ್ದವು. ಬೈಯಲು ಅವನಿಗೆ ಯಾರೂ ಇರಲಿಲ್ಲ. ಕಿವಿ ಬಂದ ಮೇಲೆ ಮಾತು ಮುಗಿಯಿತು ಎಂದು ಮೊದಲ ದಿನವೇ ಒಪ್ಪಿದ್ದ.

ಕುರಿಗಾರರು ಹೋದರು. ಚೀಲಗಳು ಉಳಿದವು. ಮಗ ಬಂದು ಒಂದು ಚೀಲದೊಳಗೆ ಕೈ ಹಾಕಿದ. ಒಂದು ಕಿವಿಯನ್ನು ಹಿಡಿದು ಸವರಿದ.

“ಅಪ್ಪ, ಕುರಿ ಕಿವಿ ಬಿಟ್ಟು ಎಲ್ಲಿ ಹೋದವು?”

ಗಾಣದವನು ಅವನ ಕೈಯಿಂದ ಕಿವಿ ತೆಗೆದು ಚೀಲಕ್ಕೆ ಹಾಕಿದ. ಉಣ್ಣು ಬಾ ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಆ ಚಳಿಗಾಲ ಅವನು ಹಾಸಿಗೆ ಹಿಡಿದ. ಬೇಸಿಗೆ ನೋಡಲಿಲ್ಲ. ಮಗನನ್ನು ಏನು ಮಾಡುವುದೆಂದು ಊರವರು ಮಾತಾಡಿಕೊಂಡರು. ಅವನಿಗೆ ಬರುವ ಕೆಲಸ ಯಾವುದೂ ಇರಲಿಲ್ಲ. ಕೊನೆಗೆ ಗಾಣ ಕೊಂಡವನು ಕರೆದುಕೊಂಡು ಹೋದ. ಅಪ್ಪನ ಗಾಣ. ಎತ್ತಿನ ಹಿಂದೆ ಸುತ್ತುವ ಕೆಲಸ ಕೊಟ್ಟ. ಕೂಲಿ ಇಲ್ಲ, ರೊಟ್ಟಿ ಇದೆ. ಮಧ್ಯಾಹ್ನ ಎತ್ತನ್ನು ಬಿಚ್ಚಿ ಮೇವಿಗೆ ಕಟ್ಟುತ್ತಾರೆ. ನಿಲ್ಲು ಎಂದು ಹೇಳಲು ಯಾರಿಗಾದರೂ ನೆನಪಾದರೆ ಅವನೂ ನಿಲ್ಲುತ್ತಾನೆ. ಮರೆತ ದಿನ ಎತ್ತಿಲ್ಲದ ಗಾಣದ ಸುತ್ತ ಒಬ್ಬನೇ ತಿರುಗುತ್ತಿರುತ್ತಾನೆ.

ಅಜ್ಜನವರು ನಿಲ್ಲಿಸಿದರು.

ಗದಿಗೆಯ್ಯ ಕಾದ. ಮುಂದೆ ಏನಾದರೂ ಇರಬಹುದು, ಯಾರಾದರೂ ಬಂದು ಆ ಹುಡುಗನನ್ನು ಕರೆದುಕೊಂಡು ಹೋಗಬಹುದು ಎಂದುಕೊಂಡ. ಏನೂ ಇರಲಿಲ್ಲ. ಹಾಗಾದರೆ ಹಂಚುವುದೇ ತಪ್ಪೇ ಎಂದು ಕೇಳಿದ.

“ತಪ್ಪು ಎಂದು ನಾನು ಎಲ್ಲಿ ಹೇಳಿದೆ? ತೋಳ ಬಿದ್ದಾಗ ಅವನನ್ನು ಉಳಿಸಿದ್ದು ಅದೇ.”

ಗದಿಗೆಯ್ಯನಿಗೆ ಉಸಿರು ಹಗುರಾಯಿತು. ಎದ್ದು ನಿಂತ. ಚೀಲವನ್ನು ಸರಿಮಾಡಿಕೊಂಡ. ತಾನು ಮಾಡಿದ್ದರಲ್ಲಿ ತಪ್ಪಿಲ್ಲ ಎಂದ. ಸಂಘವೇ ಬೇರೆ, ಅಡತಿ ಅಂಗಡಿಯೇ ಬೇರೆ, ಮೇಷ್ಟರೇ ಬೇರೆ. ಒಬ್ಬರಿಗೊಬ್ಬರಿಗೆ ಸಂಬಂಧವಿಲ್ಲ, ಮೂರೂ ಬೇರೆ ಬೇರೆ ಓಣಿಯಲ್ಲಿವೆ. ನೀಲವ್ವ ನಿಶ್ಚಿಂತೆಯಿಂದ ಇರಬಹುದು ಎಂದ. ಹೊತ್ತಾಯಿತು, ಮೇಷ್ಟರು ಕಾಯುತ್ತಿರುತ್ತಾರೆ ಎಂದು ನಮಸ್ಕಾರ ಮಾಡಲು ಬಾಗಿದ.

ಅಜ್ಜನವರು ಅವನ ತಲೆಯ ಮೇಲೆ ಕೈ ಇಡಲಿಲ್ಲ.

“ಗದಿಗೆಯ್ಯ, ಹೊರಡುವ ಮೊದಲು ನಿನ್ನ ಆ ಮೂವರೂ ಯಾರ ಹೊಲದಲ್ಲಿ ತಂಗುತ್ತಾರೆ ಹೇಳು.”

“ಮಿಲ್ಲಿನ ಹೊಲದಲ್ಲಿ” ಎಂದ ಗದಿಗೆಯ್ಯ, ಬಾಗಿದಲ್ಲಿಂದಲೇ.